ಬ್ಯಾಗ್ ಸಾಕು, ಸಂಬಳಕ್ಕೆ ಕೊಡಿ

ಮಾನ್ಯ ಸಂಪಾದಕರೇ,

ಜೂನ್ ಬಂತೆಂದರೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದೇ ನಮೂನೆಯ ಫೋಟೊಗಳು ಬರುತ್ತವೆ. ನಡುವೆ ಶಾಲು ಹೊದ್ದ ದಾನಿಗಳು, ಪಕ್ಕದಲ್ಲಿ ಹೆಡ್‌ಮಾಸ್ತರು, ಎಸ್‌ಡಿಎಂಸಿ ಅಧ್ಯಕ್ಷರು, ಮುಂದೆ ನೆಲದ ಮೇಲೆ ಕೂತ ಹುಡುಗಿಯರು. ಎಲ್ಲರ ಕೈಯಲ್ಲೂ ಹೊಸ ಬ್ಯಾಗು, ಬ್ಯಾಗಿನ ಮೇಲೆ ದಾನಿಗಳ ಹೆಸರು. ಕೊಟ್ಟವರನ್ನು ಹೀಗಳೆಯಲು ಈ ಪತ್ರ ಬರೆಯುತ್ತಿಲ್ಲ. ಕೈ ಎತ್ತಿ ಕೊಡುವವರು ಊರಿಗೆ ಬೇಕೇ ಬೇಕು. ಆದರೆ ನಮ್ಮ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳು ಬ್ಯಾಗ್ ಇಲ್ಲ ಅಂತ ಶಾಲೆ ಬಿಡುತ್ತಿಲ್ಲ. ಬಿಡುವ ಕಾರಣಗಳೇ ಬೇರೆ. ಆ ಕಾರಣಗಳ ಹಿಂದೆ ಓಡಾಡುವ ಸಣ್ಣ ಸಣ್ಣ ಸಂಸ್ಥೆಗಳಿಗೆ ನಾವು ಏನು ಕೊಡುತ್ತೇವೆ, ಏನು ಕೊಡುವುದಿಲ್ಲ ಎಂಬುದರ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು.

ನಾನು ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತ. ಹಗಲು ಭತ್ತ, ನುಚ್ಚು, ತೌಡಿನ ಲೆಕ್ಕ ಬರೆಯುತ್ತೇನೆ. ಸಂಜೆ ಹೊತ್ತು ಇಲ್ಲಿನ ಒಂದು ಸಣ್ಣ ಸಂಸ್ಥೆಯ ಲೆಕ್ಕವನ್ನೂ ನೋಡಿಕೊಡುತ್ತೇನೆ. ಅದಕ್ಕೆ ಸಂಬಳವಿಲ್ಲ, ಚಹಾ ಉಂಟು. ಸಂಸ್ಥೆ ಅಂದರೆ ದೊಡ್ಡ ಬೋರ್ಡು, ಎಸಿ ರೂಮು ಅಂದುಕೊಳ್ಳಬೇಡಿ. ಗೊಬ್ಬರದ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಕಬ್ಬಿಣದ ಅಲ್ಮೇರಾ, ಮೂವರು ಹೆಣ್ಣುಮಕ್ಕಳು. ಈ ಮೂವರು ಸಿಂಧನೂರು, ಮಸ್ಕಿ ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ ಏಳನೇ ತರಗತಿಯಿಂದ ಪಿಯುಸಿವರೆಗಿನ ಹುಡುಗಿಯರ ಬೆನ್ನು ಹತ್ತಿದ್ದಾರೆ. ಯಾರು ಶಾಲೆಗೆ ಬರಲಿಲ್ಲ, ಯಾಕೆ ಬರಲಿಲ್ಲ ಅಂತ ನೋಡುವುದು, ಮನೆಗೆ ಹೋಗುವುದು, ಮಾತಾಡುವುದು, ಮತ್ತೆ ಕರೆತರುವುದು. ಇಷ್ಟೇ ಕೆಲಸ. ಹೇಳುವುದಕ್ಕೆ ಇಷ್ಟೇ.

ಅವರದೊಂದು ನೋಟ್‌ಬುಕ್ ಇದೆ. ತಿಂಗಳ ಕೊನೆಗೆ ವೋಚರ್‌ಗಳ ಜೊತೆ ಅದೂ ನನ್ನ ಟೇಬಲ್ಲಿಗೆ ಬರುತ್ತದೆ. ಆಟೊ ಬಾಡಿಗೆ, ಪೆಟ್ರೋಲ್ ಖರ್ಚಿಗೆ ತಾಳೆ ಹಾಕಲು ಅದು ಬೇಕು. ಒಂದು ಪುಟದಲ್ಲಿ ನಾಲ್ಕು ಕಲಂ. ಹುಡುಗಿಯ ಹೆಸರು, ತರಗತಿ, ಎಷ್ಟು ದಿನದಿಂದ ಬಂದಿಲ್ಲ, ಕಾರಣ. ಕಾರಣದ ಕಲಮಿನಲ್ಲಿ ಉದ್ದ ಮಾತಿಲ್ಲ. 'ಮೆಣಸಿನಕಾಯಿ'. 'ತಮ್ಮ ಸಣ್ಣವ'. 'ದೊಡ್ಡಾಕಿ ಆಗ್ಯಾಳ'. 'ಅವ್ವಗ ಆರಾಮಿಲ್ಲ'. 'ಕ್ರಾಸಿಂಗ್'. 'ನೋಡಾಕ ಬಂದಿದ್ರು'. ಕೊನೆಯದನ್ನು ಕೆಂಪು ಪೆನ್ನಿನಲ್ಲಿ ಬರೆದಿರುತ್ತಾರೆ. ಆ ಮನೆಗೆ ಅವತ್ತೇ ಹೋಗಬೇಕು, ನಾಳೆ ಅಂದರೆ ಆಗದು.

ಪೇಟೆಯ ಓದುಗರಿಗೆ ಈ 'ಕ್ರಾಸಿಂಗ್' ಗೊತ್ತಿರಲಿಕ್ಕಿಲ್ಲ. ಹೈಬ್ರಿಡ್ ಹತ್ತಿ ಬೀಜ ಮಾಡುವ ಹೊಲದ ಕೆಲಸ ಅದು. ಸಂಜೆ ಹೊತ್ತು ನಾಳೆ ಅರಳುವ ಮೊಗ್ಗಿನ ಎಸಳು, ಕೇಸರ ಬಿಡಿಸಬೇಕು. ಮರುದಿನ ಬೆಳಗ್ಗೆ ಗಂಡು ಹೂ ತಂದು ಅದರ ಪುಡಿ ಸವರಬೇಕು. ಒಂದೊಂದೇ ಹೂವಿಗೆ, ಬಗ್ಗಿ ಬಗ್ಗಿ. ಬಿಸಿಲು ಏರಿದ ಮೇಲೆ ಮಾಡಿದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಅಂದರೆ ಶಾಲೆಯ ಹೊತ್ತಿಗೇ ಆಗಬೇಕಾದ ಕೆಲಸ. ಸಣ್ಣ ಬೆರಳು ಚುರುಕು ಅಂತ ಹುಡುಗಿಯರನ್ನೇ ಕರೆಯುತ್ತಾರೆ. ಹತ್ತಿ ಮುಗಿಯಿತು ಅನ್ನುವಷ್ಟರಲ್ಲಿ ಮೆಣಸಿನಕಾಯಿ ಬಿಡಿಸುವ ಸುಗ್ಗಿ. ನಮ್ಮ ಕಡೆಯ ಕಾಯಿ ಬ್ಯಾಡಗಿ ಮಾರ್ಕೆಟ್ಟಿಗೆ ಹೋಗುವುದು ಎಲ್ಲರಿಗೂ ಗೊತ್ತು. ಅದನ್ನು ಗಿಡದಿಂದ ಬಿಡಿಸಿದವರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಬೇಕಾದ ಹುಡುಗಿಯರೂ ಇರುತ್ತಾರೆ. ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕು. ಎರಡು ಸುಗ್ಗಿಗೆ ಹೋದವಳಿಗೆ ಅಷ್ಟು ಹಾಜರಿ ಎಲ್ಲಿಂದ ಬರಬೇಕು?

ಕಾನೂನು ಇಲ್ವಾ ಅಂತ ಕೇಳಬಹುದು. ಇದೆ, ಮೂರು ಇವೆ. ಆದರೆ ಅವು ಎಲ್ಲಿಗೆ ನಿಲ್ಲುತ್ತವೆ ನೋಡಿ. ಶಿಕ್ಷಣ ಹಕ್ಕು ಕಾಯ್ದೆ 2009ರದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು 6ರಿಂದ 14 ವರ್ಷದ ಮಕ್ಕಳಿಗೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು. ಅದರ ಪ್ರಕಾರವೂ 14 ತುಂಬಿದವರನ್ನು ಅಪಾಯಕಾರಿ ಅಲ್ಲದ ಕೆಲಸಕ್ಕೆ ಹಚ್ಚಬಹುದು. ಮದುವೆಗೆ ಮಾತ್ರ 18 ಆಗಬೇಕು. ಹಾಗಾದರೆ 14ರಿಂದ 18ರ ನಡುವಿನ ನಾಲ್ಕು ವರ್ಷ ಯಾರ ಪಾಲು? ಶಾಲೆಗೆ ಬಾ ಅಂತ ಹೇಳುವ ಕಾನೂನಿಲ್ಲ. ಕೂಲಿಗೆ ಹೋಗಬೇಡ ಅಂತ ಗಟ್ಟಿಯಾಗಿ ಹೇಳುವ ಕಾನೂನೂ ಇಲ್ಲ. ಮದುವೆ ಮಾಡಬೇಡಿ ಅನ್ನುವುದೊಂದಿದೆ, ಅದೂ ಯಾರಾದರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ. ನಮ್ಮ ಹಳ್ಳಿಗಳಲ್ಲಿ ಹುಡುಗಿಯರು ಕೈತಪ್ಪುವುದು ಇದೇ ನಾಲ್ಕು ವರ್ಷಗಳಲ್ಲಿ. ಊರ ಶಾಲೆ ಏಳಕ್ಕೋ ಎಂಟಕ್ಕೋ ಮುಗಿಯುತ್ತದೆ. ಹೈಸ್ಕೂಲು ಇನ್ನೊಂದು ಊರಲ್ಲಿ, ಕಾಲೇಜು ತಾಲ್ಲೂಕಿನಲ್ಲಿ. ಹೆಣ್ಣುಮಕ್ಕಳಿಗೆ ಬಸ್ಸು 2023ರ ಜೂನ್‌ನಿಂದ ಉಚಿತ, ಒಪ್ಪಿದೆ. ಆದರೆ ಬಸ್ಸು ಹೊತ್ತಿಗೆ ಸರಿಯಾಗಿ ಊರಿಗೆ ಬರಬೇಕಲ್ಲ! 'ಅಷ್ಟು ದೂರ ಹೆಂಗ ಕಳಸೂದ್ರಿ' ಅಂತ ತಾಯಂದಿರು ಕೇಳುವುದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಈ ನಾಲ್ಕು ವರ್ಷದಲ್ಲಿ ಅವಳ ಕೈ ಹಿಡಿಯುವವರು ಯಾರು ಅಂದರೆ, ನಾನು ನೋಡಿದ ಮಟ್ಟಿಗೆ, ಇಂಥ ಸಣ್ಣ ಸಂಸ್ಥೆಯ ಕಾರ್ಯಕರ್ತೆಯರು.

ಗುಳೆಯ ವಿಷಯ ತೆಗೆದುಕೊಳ್ಳಿ. ಎರಡನೇ ಬೆಳೆಗೆ ಕಾಲುವೆ ನೀರು ಸಿಗದ ವರ್ಷ ಇಡೀ ಓಣಿಗಳು ಖಾಲಿ. ಮೇಸ್ತ್ರಿ ಬಂದು ಗಂಡ ಹೆಂಡತಿ ಜೋಡಿಗೆ ಇಷ್ಟು ಅಂತ ಮುಂಗಡ ಕೊಟ್ಟು ಹೋಗುತ್ತಾನೆ. ಆ ದುಡ್ಡು ಹಳೆ ಸಾಲಕ್ಕೆ ಜಮಾ ಆಗಿರುತ್ತದೆ. ಬೆಂಗಳೂರಿಗೋ ಪುಣೆಗೋ ಹೋಗಲೇಬೇಕು. ಹುಡುಗಿಯನ್ನು ಬಿಟ್ಟುಹೋದರೆ ನೋಡಿಕೊಳ್ಳುವವರಿಲ್ಲ, ಕರೆದುಕೊಂಡು ಹೋದರೆ ಅಲ್ಲಿ ಶೆಡ್ಡಿನಲ್ಲಿ ಅಡುಗೆಗೆ, ಸಣ್ಣ ಕೂಸು ಹೊರಲು ಆಗುತ್ತಾಳೆ. ನಮ್ಮ ಕಾರ್ಯಕರ್ತೆಯೊಬ್ಬರು ಇಂಥ ಮನೆಗೆ ಹೋದಾಗ ನಾನೂ ಒಮ್ಮೆ ಜೊತೆಗಿದ್ದೆ. ಹುಡುಗಿ ಒಂಬತ್ತನೇ ತರಗತಿ. ಅಪ್ಪ ಗಂಟುಮೂಟೆ ಕಟ್ಟುತ್ತಿದ್ದ. 'ಬರೇ ಎರಡು ತಿಂಗಳ್ರಿ ಅಕ್ಕಾರ, ಉಗಾದಿಗೆ ಹೊಳ್ಳಿ ಬರ್ತೀವಿ' ಅಂದ. ಅವರು ವಾದಕ್ಕೆ ಇಳಿಯಲಿಲ್ಲ. ಶಿಕ್ಷಣದ ಮಹತ್ವ ಅಂತ ಭಾಷಣ ಬಿಗಿಯಲಿಲ್ಲ. ಕೂತು ನೀರು ಕೇಳಿ ಕುಡಿದರು. ಅಜ್ಜಿಯನ್ನು ಮಾತಿಗೆಳೆದರು. 'ಯಮ್ಮಾ, ರೇಷನ್ ಅಕ್ಕಿ ಯಾರು ತರ್ತಾರ ಮತ್ತ? ನಿನಗ ಮೊಣಕಾಲು ನೋವು' ಅಂದರು. ಸ್ವಲ್ಪ ಹೊತ್ತಿಗೆ ಅಜ್ಜಿಯೇ ಮಗನಿಗೆ, 'ಆಕಿನ್ನ ಬಿಟ್ಟು ಹೋಗಪಾ, ನನಗ ಆಸರ ಆಗ್ತದ' ಅಂದಳು. ಆಮೇಲೆ ವಾರಕ್ಕೊಮ್ಮೆ ಆ ಮನೆಗೆ ಹೋಗಿ ಬರುವುದು, ಅಪ್ಪನಿಗೆ ಫೋನ್ ಹಚ್ಚಿ ಮಗಳ ಜೊತೆ ಮಾತಾಡಿಸುವುದು, ರಾತ್ರಿ ಅಜ್ಜಿ ಮೊಮ್ಮಗಳು ಇಬ್ಬರೇ ಇರುತ್ತಾರೆ ಅಂತ ಪಕ್ಕದ ಮನೆಯವರಿಗೆ ಹೇಳಿಡುವುದು, ಎಲ್ಲ ಅವರ ಮೇಲೇ ಬಿತ್ತು.

ಇದಕ್ಕೆ ಬಿಲ್ಲು ಹೇಗೆ ಬರೆಯುವುದು ಹೇಳಿ? ನನ್ನ ಪುಸ್ತಕದಲ್ಲಿ ಅದು 'ಪೆಟ್ರೋಲ್ 110' ಅಂತ ಬರುತ್ತದೆ.

ಇನ್ನೊಂದು ತೊಡಕು, ಕಾಗದಪತ್ರದ್ದು. ಜಾತಿ, ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಖಾತೆ, ಇವೆಲ್ಲ ಒಂದಕ್ಕೊಂದು ತಾಳೆಯಾಗದೆ ವಿದ್ಯಾರ್ಥಿವೇತನ ಬರುವುದಿಲ್ಲ. ಆಧಾರಿನಲ್ಲಿ 'ಹುಲಿಗೆಮ್ಮ', ಶಾಲೆಯಲ್ಲಿ 'ಹುಲಿಗಮ್ಮ'. ಮುಗಿಯಿತು, ಅರ್ಜಿ ವಾಪಸ್. 2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲೆಯಲ್ಲಿ ಓದು ಬರಹ ಬಲ್ಲ ಹೆಂಗಸರು ಶೇ 49 ಕೂಡ ಇರಲಿಲ್ಲ, ಗಂಡಸರು ಶೇ 70. ಇವತ್ತಿನ ಹುಡುಗಿಯರ ತಾಯಂದಿರು ಆ ಲೆಕ್ಕದಲ್ಲಿ ಇದ್ದವರೇ. ಅವರು ನಾಡಕಚೇರಿಗೂ ಬ್ಯಾಂಕಿಗೂ ಒಂದು ದಿನದ ಕೂಲಿ ಬಿಟ್ಟು ಓಡಾಡಬೇಕು, 'ಸರ್ವರ್ ಇಲ್ಲ, ನಾಳೆ ಬಾ' ಅನ್ನಿಸಿಕೊಂಡು ಬರಬೇಕು. ಎರಡು ಸಲ ಹೀಗಾದರೆ ಮೂರನೇ ಸಲ ಯಾರು ಹೋಗುತ್ತಾರೆ?

ದೇವದಾಸಿ ತಾಯಂದಿರ ಹೆಣ್ಣುಮಕ್ಕಳ ಪಾಡು ಇನ್ನೂ ಒಂದು ಕೈ ಜಾಸ್ತಿ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಈ ಕುಟುಂಬಗಳಿವೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿ ಕಾಯ್ದೆ ಬಂದದ್ದು 1982ರಲ್ಲಿ. ಆದರೂ ಅರ್ಜಿ ಫಾರಂನಲ್ಲಿ 'ತಂದೆಯ ಹೆಸರು' ಅನ್ನುವ ಕಲಂ ಹುಡುಗಿಯರ ಮುಖಕ್ಕೆ ಹೊಡೆದ ಹಾಗೆ ಎದುರಾಗುತ್ತಲೇ ಇತ್ತು. 2025ರಲ್ಲಿ ವಿಧಾನಸಭೆ ಒಪ್ಪಿದ ಹೊಸ ಮಸೂದೆಯಲ್ಲಿ ತಂದೆಯ ಹೆಸರು ಹೇಳುವ ಬಲವಂತ ಇಲ್ಲ. ಒಳ್ಳೆಯದಾಯಿತು. ಆದರೆ ಕೌಂಟರಿನಲ್ಲಿ ಕೂತವರಿಗೆ ಅದನ್ನು ತಿಳಿಸಿ ಹೇಳಲು ಹುಡುಗಿಯ ಪಕ್ಕದಲ್ಲಿ ಧೈರ್ಯವಾಗಿ ಮಾತಾಡುವ ಒಬ್ಬರು ನಿಂತಿರಬೇಕು. ಕಾರ್ಯಕರ್ತೆಯ ಕೆಲಸ ಅಂದರೆ ಅದು.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಈ ಸಂಸ್ಥೆಯ ತಿಂಗಳ ಖರ್ಚು ಹೀಗಿದೆ. ಮೂವರಿಗೆ ತಲಾ 8,000ದಂತೆ 24,000 ರೂಪಾಯಿ. ಕೋಣೆ ಬಾಡಿಗೆ 2,500. ಪೆಟ್ರೋಲ್ 3,600. ಸಂಜೆ ಪಾಠ ಮುಗಿಸಿದ ಹುಡುಗಿಯರನ್ನು ಪಕ್ಕದ ಹಳ್ಳಿಗೆ ಬಿಡುವ ಆಟೊಗೆ 4,000. ಜೆರಾಕ್ಸ್, ಫೋಟೊ, ಅಫಿಡವಿಟ್ಟು 1,400. ಫೋನು 900. ಒಟ್ಟು 36,400. ಇವರ ನಿಗಾದಲ್ಲಿರುವ ಹುಡುಗಿಯರು ಸುಮಾರು 140. ಭಾಗಿಸಿದರೆ ಒಬ್ಬ ಹುಡುಗಿಗೆ ತಿಂಗಳಿಗೆ 260 ರೂಪಾಯಿ. ಹೆಸರು ಅಚ್ಚು ಹಾಕಿಸಿದ ಬ್ಯಾಗಿಗೆ ಅದಕ್ಕಿಂತ ಜಾಸ್ತಿ ಬೀಳುತ್ತದೆ. 8,000 ಅನ್ನುವುದು ಸಂಬಳವೇ ಅಲ್ಲ ಅನ್ನುವುದು ಬೇರೆ ಮಾತು. ನಮ್ಮ ಮಿಲ್ಲಿನ ಹಮಾಲರು ಸೀಸನ್ನಿನಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ದುಡಿಯುತ್ತಾರೆ.

ಇಷ್ಟು ಕಡಿಮೆ ಮೊತ್ತವೂ ತಿಂಗಳು ತಿಂಗಳು ಹುಟ್ಟುವುದಿಲ್ಲ. ಯಾಕೆ ಗೊತ್ತಾ? ದಾನಿಗಳು ವಸ್ತು ಕೊಡುತ್ತಾರೆ, ಸಂಬಳಕ್ಕೆ ಕೊಡುವುದಿಲ್ಲ. ನಾನೇ ಕೇಳಿ ನೋಡಿದ್ದೇನೆ. 'ನೋಟ್‌ಬುಕ್ ಎಷ್ಟು ಬೇಕು ಹೇಳ್ರಿ, ನಾಳೆನೇ ಕಳಿಸ್ತೀನಿ. ಪಗಾರ ಅಂದ್ರ ಅದೇನ್ರಿ, ಸೇವಾ ಮಾಡೋರಿಗೆ ಪಗಾರ ಯಾಕ?' ಅಂದವರಿದ್ದಾರೆ. ಸೇವೆ ಮಾಡುವವರಿಗೂ ಹೊಟ್ಟೆ ಇದೆ, ಮನೆ ಬಾಡಿಗೆ ಇದೆ, ಮಕ್ಕಳ ಫೀಸಿದೆ. ಎರಡು ತಿಂಗಳು ಪಗಾರ ನಿಂತರೆ ಒಳ್ಳೆ ಕಾರ್ಯಕರ್ತೆ ಬಟ್ಟೆ ಅಂಗಡಿಗೆ ಸೇಲ್ಸ್‌ಗೆ ಹೋಗುತ್ತಾಳೆ. ಅವಳ ಜೊತೆಗೆ ಆ ಹಳ್ಳಿಯ ನಂಬಿಕೆಯೂ ಹೋಗುತ್ತದೆ. ಹೊಸಬರು ಬಂದು ಯಾವ ಮನೆಯಲ್ಲಿ ಅಜ್ಜಿಯನ್ನು ಮಾತಾಡಿಸಬೇಕು, ಯಾವ ಮನೆಯಲ್ಲಿ ಸೋದರಮಾವನನ್ನು ಹಿಡಿಯಬೇಕು ಅಂತ ತಿಳಿಯುವಷ್ಟರಲ್ಲಿ ಒಂದು ವರ್ಷ ಹೋಗಿರುತ್ತದೆ.

ದೊಡ್ಡ ದುಡ್ಡಿನ ದಾರಿಗಳು ಇಲ್ವಾ? ಇವೆ. 2013ರ ಕಂಪನಿ ಕಾಯ್ದೆಯಲ್ಲಿ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕು. ಕಂಪನಿ ಇರುವ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತಲೂ ಇದೆ. ಬಳ್ಳಾರಿ ಕಡೆ ಉಕ್ಕು, ಗಣಿ, ನಮ್ಮಲ್ಲಿ ಹಟ್ಟಿಯ ಚಿನ್ನ, ಶಕ್ತಿನಗರದ ವಿದ್ಯುತ್ತು. ಇಷ್ಟೆಲ್ಲ ಇರುವ ಸೀಮೆ ನಮ್ಮದು. ಆದರೆ ಸಣ್ಣ ಸಂಸ್ಥೆಗಳಿಗೆ ಈ ದುಡ್ಡು ಎಟಕುವುದು ಕಷ್ಟ. ಒಂದು ಕಂಪನಿಗೆ ನಾವು ಅರ್ಜಿ ಹಾಕಿದ್ದೆವು. ಕೇಳಿದ್ದು ಒಂದೂವರೆ ಲಕ್ಷ. ಅವರು ಮೂರು ವರ್ಷದ ಆಡಿಟ್ಟು ಕೇಳಿದರು, ಸರಿ, ಕೊಟ್ಟೆವು. ಆಮೇಲೆ ಇಂಗ್ಲಿಷಿನಲ್ಲಿ ಇಂಪ್ಯಾಕ್ಟ್ ರಿಪೋರ್ಟ್ ಬೇಕು, ವಿಡಿಯೊ ಬೇಕು ಅಂದರು. ಕೊನೆಗೆ 'ಶೌಚಾಲಯ ಕಟ್ಟಿಸುವುದಾದರೆ ನೋಡೋಣ' ಅಂತ ಫೋನ್ ಬಂತು. ಗೋಡೆಯ ಮೇಲೆ ಬೋರ್ಡು ಹಾಕಬಹುದು, ಅಜ್ಜಿಯ ಜೊತೆ ಮಾತಾಡಿದ್ದಕ್ಕೆ ಎಲ್ಲಿ ಹಾಕುವುದು!

ವಿದೇಶಿ ದೇಣಿಗೆಯ ಬಾಗಿಲೂ ಕಿರಿದಾಗಿದೆ. ಮೊದಲು ದೊಡ್ಡ ಸಂಸ್ಥೆಗಳು ಹೊರಗಿನಿಂದ ಬಂದ ಹಣದಲ್ಲಿ ಸ್ವಲ್ಪವನ್ನು ಹಳ್ಳಿಯ ಸಂಸ್ಥೆಗಳಿಗೆ ಹಂಚುತ್ತಿದ್ದವು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ಹಾಗೆ ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯೂ ಶೇ 50ರಿಂದ 20ಕ್ಕೆ ಇಳಿಯಿತು. ಸರ್ಕಾರಕ್ಕೆ ಅದರದೇ ಕಾರಣಗಳಿರಬಹುದು, ಆ ಚರ್ಚೆ ಇಲ್ಲಿ ಬೇಡ. ಪೆಟ್ಟು ಬಿದ್ದದ್ದು ಮಾತ್ರ ತುದಿಯಲ್ಲಿದ್ದವರಿಗೆ.

ಇದು ಸರ್ಕಾರದ ಕೆಲಸ ಅಲ್ವಾ ಅಂತ ನನ್ನ ಗೆಳೆಯರೊಬ್ಬರು ಕೇಳುತ್ತಿರುತ್ತಾರೆ. ಹೌದು. ಸರ್ಕಾರ ಮಾಡುತ್ತಲೂ ಇದೆ. ಕಸ್ತೂರಬಾ ಬಾಲಿಕಾ ವಿದ್ಯಾಲಯಗಳಿವೆ, ಬಿಸಿಯೂಟ ಇದೆ, ಹಾಸ್ಟೆಲ್ಲುಗಳಿವೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಇಲ್ಲಿನ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ನಮ್ಮ ಮಕ್ಕಳಿಗೇ. ಸರ್ಕಾರಿ ಶಾಲೆ ಕಾಲೇಜಿನಲ್ಲಿ ಹತ್ತನೇ ತರಗತಿ, ಪಿಯುಸಿ ಮುಗಿಸಿ ಮುಂದೆ ಪದವಿಗೋ ಡಿಪ್ಲೊಮಾಗೋ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಎಂಬ ಖಾಸಗಿ ಸಂಸ್ಥೆಯೂ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಿದೆ. ಆದರೆ ಈ ಸೀಟು, ಈ ವಿದ್ಯಾರ್ಥಿವೇತನ ಪಿಯುಸಿ ಮುಟ್ಟಿದವಳಿಗೆ ಸಿಗುವ ಭಾಗ್ಯ. ಒಂಬತ್ತರಲ್ಲಿ ಬಿಟ್ಟವಳಿಗೆ 371ಜೆ ಏನು ಮಾಡೀತು? ಮಾಸ್ತರರು ಮನೆಗೆ ಹೋಗಿ ಕರೆಯಲಿ ಅನ್ನೋಣ ಅಂದರೆ, ಖಾಲಿ ಹುದ್ದೆಗಳ ನಡುವೆ ಅವರು ಪಾಠ, ಗಣತಿ, ಆನ್‌ಲೈನ್ ಎಂಟ್ರಿ ಅಂತ ಹೈರಾಣಾಗಿದ್ದಾರೆ. 'ನಿಮ್ಮ ಅಕ್ಕಾರು ಬಂದ್ರ ನಮಗ ಅರ್ಧ ಭಾರ ಇಳೀತದ' ಅಂತ ಒಬ್ಬ ಹೆಡ್‌ಮಾಸ್ತರು ನನ್ನ ಎದುರಿಗೇ ಅಂದಿದ್ದಾರೆ.

ಕೊಡುವ ಗುಣ ನಮ್ಮ ಸೀಮೆಗೆ ಹೊಸದಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿನ ಹೆಂಗಸರು ರೊಟ್ಟಿ ತಟ್ಟಿ ಟ್ರ್ಯಾಕ್ಟರ್ ತುಂಬಿ ಕಳಿಸುತ್ತಾರೆ. ನಮ್ಮ ಅಂಬಾಮಠದ ಜಾತ್ರೆಗೂ ಹಾಗೇ, ಅಕ್ಕಿ ಚೀಲ ಎಣಿಸಿದವರಿಲ್ಲ. ಯಾವ ರೊಟ್ಟಿ ಯಾರದು ಅಂತ ಅಲ್ಲಿ ಹೆಸರು ಬರೆಯುವುದಿಲ್ಲ. ನಮ್ಮ ಮಿಲ್ಲಿನ ಹಮಾಲರಿಗೆ ಈ ಲೆಕ್ಕ ಒಂದು ಸಲ ಹೇಳಿದ್ದೆ. ಅವರಲ್ಲಿ ಕೆಲವರು ಈಗ ತಿಂಗಳಿಗೆ ತಲಾ 50 ರೂಪಾಯಿ ಕೊಡುತ್ತಾರೆ. ನಾನು ರಸೀದಿ ಹರಿಯಲು ಹೋದರೆ, 'ಅದನ್ನೇನು ಮಾಡೂದ್ರಿ' ಅಂತ ನಗುತ್ತಾರೆ. ಆದರೂ ಹರಿದೇ ಕೊಡುತ್ತೇನೆ. ಲೆಕ್ಕ ಲೆಕ್ಕವೇ.

ಕೊಡಬೇಕು ಅನ್ನಿಸಿದವರಿಗೆ ಗುಮಾಸ್ತನಾಗಿ ಒಂದೆರಡು ಮಾತು. ಒಮ್ಮೆಗೆ ದೊಡ್ಡ ಮೊತ್ತ ಬೇಡ. ತಿಂಗಳಿಗೆ 260 ಆದರೂ ಸರಿ, 500 ಆದರೂ ಸರಿ, ಆದರೆ ತಪ್ಪದೆ ಬರಲಿ. ಬ್ಯಾಂಕಿನಲ್ಲಿ ಹೇಳಿದರೆ ತಾನಾಗೇ ಕಟ್ ಆಗುವ ಹಾಗೆ ಮಾಡಿಕೊಡುತ್ತಾರೆ. 'ಇದು ಸಂಬಳಕ್ಕೆ, ಓಡಾಟಕ್ಕೆ' ಅಂತ ಬಾಯಿ ಬಿಟ್ಟು ಹೇಳಿ, ಅವರಿಗೆ ಧೈರ್ಯ ಬರುತ್ತದೆ. ತೆರಿಗೆ ಕಟ್ಟುವವರು, ದೇಣಿಗೆಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ನೋಂದಣಿ ಸಂಸ್ಥೆಗೆ ಇದೆಯೇ ಅಂತ ಕೇಳಿ. ನೆನಪಿಡಿ, ಆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, 2,000 ರೂಪಾಯಿ ಮೀರಿದ ನಗದಿಗೆ ಇಲ್ಲ. ಕೊಡುವ ಮೊದಲು ಪರೀಕ್ಷೆ ಮಾಡಿ, ಅದರಲ್ಲಿ ಸಂಕೋಚ ಬೇಡ. ಆಡಿಟ್ ವರದಿ ಕೇಳಿ. ಕಾರ್ಯಕ್ರಮದ ದಿನ ಹೋಗಬೇಡಿ, ಯಾವುದೋ ಒಂದು ಮಂಗಳವಾರ ಹೇಳದೆ ಕೇಳದೆ ಹೋಗಿ. ಕೋಣೆಗೆ ಬೀಗ ಇದ್ದರೆ ಗಾಬರಿ ಬೇಡ, ಅವರು ಹಳ್ಳಿಯಲ್ಲಿರಬಹುದು. ಫೋನ್ ಮಾಡಿ 'ಯಾವ ಊರಲ್ಲಿದ್ದೀರಿ, ಬರ್ತೀನಿ' ಅನ್ನಿ. ಕೆಲಸ ಮಾಡುವವರು ದಾರಿ ಹೇಳುತ್ತಾರೆ. ಮಾಡದವರು ಇನ್ನೊಂದು ದಿನ ಬನ್ನಿ ಅನ್ನುತ್ತಾರೆ. ಹುಡುಗಿಯರ ಫೋಟೊ ಕಳಿಸಿ, ಅವರ ಕಷ್ಟದ ಕಥೆ ಬರೆದು ಕಳಿಸಿ ಅಂತ ಮಾತ್ರ ಒತ್ತಾಯ ಮಾಡಬೇಡಿ. ದೇವದಾಸಿ ಮನೆಯ ಹುಡುಗಿ ತನ್ನ ಮುಖ ಪೇಪರಿನಲ್ಲಿ ಬರಲಿ ಅಂತ ಯಾಕೆ ಬಯಸುತ್ತಾಳೆ?

ಸಂಪಾದಕರೇ, ನಿಮ್ಮಲ್ಲೂ ಒಂದು ಕೇಳಿಕೆ ಇದೆ. ಫೆಬ್ರುವರಿಯಲ್ಲಿ, ಮೆಣಸಿನಕಾಯಿ ಸುಗ್ಗಿಯ ನಡುವೆ, ನಿಮ್ಮ ವರದಿಗಾರರನ್ನು ಒಂದು ಹೈಸ್ಕೂಲಿನ ಹತ್ತನೇ ತರಗತಿಗೆ ಕಳಿಸಿ. ಹಾಜರಿ ಪುಸ್ತಕ ನೋಡಲಿ. ಅವತ್ತು ಬಂದವರು ಎಷ್ಟು, ಬಾರದವರು ಎಷ್ಟು, ಬಾರದವರ ಮನೆಗೆ ಯಾರು ಹೋದರು ಅಂತ ಬರೆಯಲಿ.

ನಮ್ಮ ಸಂಸ್ಥೆಯ ಹೆಸರನ್ನು ಬೇಕಂತಲೇ ಬರೆದಿಲ್ಲ. ಬರೆದರೆ ಇದು ವಸೂಲಿಯ ಪತ್ರ ಆಗಿಬಿಡುತ್ತದೆ. ಇಂಥವು ದೇವದುರ್ಗದಲ್ಲೂ ಇರುತ್ತವೆ, ಕುಷ್ಟಗಿಯಲ್ಲೂ, ಸಂಡೂರಿನಲ್ಲೂ ಇರುತ್ತವೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಿಗಲಿಕ್ಕಿಲ್ಲ, ಅವರಿಗೆ ವೆಬ್‌ಸೈಟ್ ಮಾಡಿಸಲು ದುಡ್ಡೆಲ್ಲಿ? ನಿಮ್ಮೂರಿನ ಹೆಡ್‌ಮಾಸ್ತರನ್ನು ಕೇಳಿ, ಅಂಗನವಾಡಿ ಕಾರ್ಯಕರ್ತೆಯನ್ನು ಬೇರೆಯಾಗಿ ಕೇಳಿ. 'ಒಂದು ವಾರ ಶಾಲೆಗೆ ಬಾರದ ಹುಡುಗಿಯ ಮನೆಗೆ ಇಲ್ಲಿ ಯಾರು ಹೋಗ್ತಾರೆ?' ಅಂತ. ಇಬ್ಬರೂ ಒಂದೇ ಹೆಸರು ಹೇಳಿದರೆ ಅವರ ಫೋನ್ ನಂಬರ್ ತೆಗೆದುಕೊಳ್ಳಿ.

ಇಂತಿ,
ರೈಸ್ ಮಿಲ್ಲಿನ ಒಬ್ಬ ಗುಮಾಸ್ತ
ಸಿಂಧನೂರು, ರಾಯಚೂರು ಜಿಲ್ಲೆ